ಟಗರು ಬರೆದುಕೊಡದ ಪತ್ರ

ಎರಡು ದೇಶಗಳ ನಡುವೆ ಒಂದು ಹೊಳೆ. ಈಚೆ ದಡದಲ್ಲಿ ಗುರು ಚನ್ನಮಲ್ಲಯ್ಯನವರ ಆಶ್ರಮ. ಹೊಳೆಯೇ ಗಡಿ, ಅಂದರೆ, ಆಚೆಯವರು ದೋಣಿ ಇಳಿದರೆ ಬೇರೆ ದೇಶಕ್ಕೆ ಬಂದಂತೆ.

ಶಿಷ್ಯ ಫಾಲಾಕ್ಷ ನಿರಾಶ್ರಿತರ ಕಾನೂನಿನ ಮೇಲೆ ಪ್ರಬಂಧ ಬರೆಯುತ್ತಿದ್ದ. ಯಾವ ದೇಶ ಯಾರಿಗೆ ಆಶ್ರಯ ಕೊಡಬೇಕು, ಏಕೆ ಕೊಡಬೇಕು ಎಂದು ಹೇಳುವ ಕಾನೂನು ಅದು. ಅವನ ಓದನ್ನು ಮೆಚ್ಚಿ ಗುರುಗಳು ಆಶ್ರಮದ ಬಾಗಿಲನ್ನು, ಯಾರನ್ನು ಒಳಗೆ ಬಿಡಬೇಕೆಂಬ ತೀರ್ಮಾನವನ್ನು ಅವನಿಗೇ ಒಪ್ಪಿಸಿದ್ದರು.

ಒಂದು ಬೆಳಿಗ್ಗೆ ತಂಗೆವ್ವ ಎಂಬ ಹೆಂಗಸು ಹೊಳೆ ದಾಟಿ ಒದ್ದೆ ಸೀರೆಯಲ್ಲಿ ಬಂದು ನಿಂತಳು.

"ಆಚೆ ದಂಡಿನವರು ನಮ್ಮ ಕೇರಿ ಸುಟ್ಟರು, ಸ್ವಾಮಿ. ಸಿಕ್ಕರೆ ನನ್ನನ್ನೂ ಉಳಿಸುವುದಿಲ್ಲ."

"ಭಯಕ್ಕೆ ಆಧಾರ ಬೇಕಮ್ಮ," ಎಂದ ಫಾಲಾಕ್ಷ. "ಸುಟ್ಟಿದ್ದು ನಿಜವೆಂದು ಆ ದಂಡಿನ ನಾಯಕನಿಂದಲೇ ಬರೆಸಿ ತನ್ನಿ. ಅಂದ ಹಾಗೆ, ದಾರಿಯಲ್ಲಿ ನಡುಗಡ್ಡೆ ಇದೆಯಲ್ಲ, ಅಲ್ಲೇ ಏಕೆ ನಿಲ್ಲಲಿಲ್ಲ?"

"ಅಲ್ಲಿ ಮೊಸಳೆಗಳಿವೆ, ಸ್ವಾಮಿ."

"ಮೊಸಳೆ ಬೇರೆ ಅಧ್ಯಾಯ. ಹೋಗಿ ಬನ್ನಿ."

ಹೊರಡುವವರಿಗೆ ನಾವು ಬರೀ 'ಹೋಗಿ' ಎನ್ನುವುದಿಲ್ಲ. ಮರಳಿ ಬರಲೆಂದು 'ಹೋಗಿ ಬನ್ನಿ' ಎನ್ನುತ್ತೇವೆ. ಫಾಲಾಕ್ಷ ಮರ್ಯಾದೆಯಿಂದಲೇ ಹೇಳಿದ್ದ.

"ಹೋದರೆ ಬರುವುದಿಲ್ಲ, ಸ್ವಾಮಿ," ಎಂದಳು ತಂಗೆವ್ವ.

ಗುರುಗಳು ಹೊರಗೆ ಬಂದರು. "ತೀರ್ಮಾನ ನಿನ್ನದೇ, ಫಾಲಾಕ್ಷ. ವಾಪಸ್ ದೋಣಿ ಇರುವುದು ಮಧ್ಯಾಹ್ನಕ್ಕೆ. ಅಲ್ಲಿಯವರೆಗೆ ಈ ತಾಯಿ ಒಳಗೆ ರೊಟ್ಟಿ ತಿನ್ನಲಿ. ನೀನು ನಮ್ಮ ಆಶ್ರಮದ ಟಗರನ್ನು ಬಿಚ್ಚಿ ನೀರು ಕುಡಿಸಿ ಬಾ."

ಆ ಟಗರಿಗೆ ಹಗ್ಗ ಬಿಚ್ಚಿದವರನ್ನು ಕಂಡರೆ ಆಗದು.

ತುಸು ಹೊತ್ತಿಗೆ ಫಾಲಾಕ್ಷ ಓಡಿ ಬಂದ. ಹಿಂದೆ ಟಗರು. ಬಾಗಿಲಿಗೆ ಒಳಗಿನಿಂದ ಅಗಳಿ.

"ಗುರುಗಳೇ, ಬಾಗಿಲು ತೆಗೆಯಿರಿ. ಗುದ್ದುತ್ತದೆ."

"ಆಧಾರ?" ಒಳಗಿನಿಂದ ಗುರುಗಳ ದನಿ ಕೇಳಿಸಿತು.

"ಬರುತ್ತಾ ಇದೆಯಲ್ಲ!"

"ಬರುವುದು ಬೇರೆ, ಗುದ್ದುವುದು ಬೇರೆ. ದಾರಿಯಲ್ಲಿ ಬೇವಿನ ಮರ ಇತ್ತಲ್ಲ, ಅಲ್ಲೇ ಏಕೆ ಹತ್ತಲಿಲ್ಲ?"

"ಕೆಂಪಿರುವೆ, ಗುರುಗಳೇ."

"ಇರುವೆ ಬೇರೆ ಅಧ್ಯಾಯ. ಗುದ್ದುತ್ತೇನೆಂದು ಟಗರಿನಿಂದ ಒಂದು ಪತ್ರ ಬರೆಸಿಕೋ. ಹೋಗಿ ಬಾ."

ಅಷ್ಟರಲ್ಲಿ ಅಗಳಿ ಸರಿಯಿತು. ತಂಗೆವ್ವ ರೊಟ್ಟಿ ತಿನ್ನುತ್ತಿದ್ದ ಎಡೆಯಿಂದ ಎದ್ದು ಬಂದಿದ್ದಳು. ಫಾಲಾಕ್ಷ ಒಳಗೆ ಬಿದ್ದ. ಬಾಗಿಲು ಮುಚ್ಚಿತು, ಮುಚ್ಚಿದ ಬಾಗಿಲಿಗೆ ಟಗರು ಗುದ್ದಿತು.

"ಏನೂ ಕೇಳದೆ ತೆಗೆದೆಯಲ್ಲ, ತಾಯಿ?" ಎಂದರು ಗುರುಗಳು.

"ಮೊದಲು ಒಳಗೆ ಬರಲಿ, ಸ್ವಾಮಿ. ಆಮೇಲೆ ಕೂತು ಕೇಳಿದರಾಯಿತು."

ಫಾಲಾಕ್ಷ ನೆಲದ ಮೇಲೆಯೇ ಏದುಸಿರು ಬಿಡುತ್ತಿದ್ದ.

"ಪ್ರಬಂಧದಲ್ಲಿ ಅಡಿಟಿಪ್ಪಣಿ ಎಷ್ಟಾಯಿತಪ್ಪ?"

"ನಾನೂರ ಹನ್ನೆರಡು, ಗುರುಗಳೇ."

"ಈ ತಾಯಿ ಹೇಳಿದ್ದಕ್ಕೆ ಇನ್ನೊಂದು ಹಾಕು. ಆಧಾರ: ತಂಗೆವ್ವ, ಬಾಗಿಲ ಒಳಗಡೆಯಿಂದ."