ಹಸಿಮಣ್ಣಿನ ಮೇಲೆ ಚುಕ್ಕಿಯ ಹೆಜ್ಜೆ

ಒಂದಾನೊಂದು ಕಾಲದಲ್ಲಿ, ಅದೊಂದು ಬರೀ ಮಂಗಳವಾರವಂತೆ. ಹಬ್ಬ ಅಲ್ಲ, ಹುಣ್ಣಿಮೆ ಅಲ್ಲ, ಏನೂ ಅಲ್ಲ. ಕಣಿವೆಹಳ್ಳಿ ಅನ್ನೋ ಊರಲ್ಲಿ ಮುದ್ದೀರಮ್ಮ ಅನ್ನೋ ಕುಂಬಾರಗಿತ್ತಿ ಅಂಗಳದಲ್ಲಿ ಕೂತು, ಹೊಳೆದಂಡೆಯಿಂದ ತಂದ ಮಣ್ಣನ್ನ ಹಿಸುಕಿ ಹಿಸುಕಿ, ಅದರಲ್ಲಿದ್ದ ಬಿಳೀ ಚಿಪ್ಪಿನ ಚೂರುಗಳನ್ನ ಆರಿಸಿ ಮೂಲೆಗೆ ಎಸೀತಾ ಇದ್ದಳಂತೆ. ಯಾಕೆ ಆರಿಸ್ಬೇಕು ಅಂತೀಯಾ? ಬಸವನಹುಳದ ಚಿಪ್ಪು ಮಣ್ಣಲ್ಲಿ ಉಳಿದರೆ, ಸುಟ್ಟ ಮೇಲೆ ಗಡಿಗೆ ಅದೇ ಜಾಗದಲ್ಲಿ ಟಪ್ ಅಂತ ಸಿಡಿಯುತ್ತೆ ಕಣೇ. ಅದಕ್ಕೇ ಮೂಲೆಯಲ್ಲಿ ಚಿಪ್ಪಿನ ಚೂರಿನದೇ ಒಂದು ಪುಟ್ಟ ಗುಡ್ಡೆ ಆಗಿತ್ತಂತೆ. ಆ ಗುಡ್ಡೆ ನೆನಪಲ್ಲಿಟ್ಟುಕೋ, ಆಮೇಲೆ ಬರುತ್ತೆ.

ಆ ಮನೇಲಿ ತಿಗರಿ, ಅಂದ್ರೆ ಗಡಿಗೆ ಮಾಡೋ ಚಕ್ರ, ತಿರುಗಿಸ್ತಾ ಇದ್ದದ್ದು ಅವಳ ಗಂಡ. ಅವನು ಗಡಿಗೆ ಎತ್ತಿ ಕೊಡೋದು, ಇವಳು ಹಲಗೆಯಿಂದ ತಟ್ಟಿ ತಟ್ಟಿ ತಳ ಕೂರಿಸೋದು, ಹೀಗೇ ಇಪ್ಪತ್ತು ವರ್ಷ ನಡೆದಿತ್ತಂತೆ. ಆಮೇಲೆ ಗಂಡ ತೀರಿಹೋದ. ಮುದ್ದೀರಮ್ಮ ತಿಗರಿಯನ್ನ ಗೋಡೆಗೆ ಒರಗಿಸಿಟ್ಟಳು, ಒಂದು ವರ್ಷ ಅದು ಅಲ್ಲೇ ಒರಗಿತ್ತು. ಬರೀ ಕೈಯಲ್ಲಿ ಒಲೆ ಮಾಡಿ ಮಾರ್ಕೊಂಡು, ಕೇಳಿದ್ದಕ್ಕೆ ಹೂಂ, ಊಹೂಂ ಅಂದುಕೊಂಡು ಇದ್ದಳಂತೆ.

ಆ ಮಂಗಳವಾರ ಊರಗೌಡ ಹಾಲಪ್ಪನ ಹಿರೀ ಸೊಸೆ ಒಂದು ಗಡಿಗೆ ಸೊಂಟದಲ್ಲಿಟ್ಟುಕೊಂಡು ಬಂದಳಂತೆ. ಮುದ್ದೀರಮ್ಮಕ್ಕ, ನಿಮ್ಮ ಗಡಿಗೆ ತಗೊಳ್ಳಿ, ಒಳಗೆ ಆಮೆಮರಿ ಇತ್ತು, ಸತ್ತುಹೋಗಿದೆ ಅನ್ಸುತ್ತೆ, ನಂಗೆ ಮುಟ್ಟೋಕೆ ಭಯ, ನೀವೇ ಎಲ್ಲಾದ್ರೂ ಎಸೆದುಬಿಡಿ ಅಂತ ಹೇಳಿ, ಮೂಗು ಮುಚ್ಚಿಕೊಂಡು ಓಡಿಹೋದಳಂತೆ.

ಆಮೆಮರಿ ಗಡಿಗೆ ಒಳಗೆ ಯಾಕೆ ಬಂತು ಅಂದ್ರೆ, ಆ ಊರಲ್ಲಿ ಹೊಸ ಬಾವಿ ತೋಡಿದ್ದರಂತೆ. ಬಾವಿಗೆ ಒಂದು ಆಮೆ ಬಿಡಬೇಕು, ಅದು ಹುಳಹುಪ್ಪಟೆ ತಿಂದು ನೀರು ತಿಳಿಯಾಗಿ ಇಡುತ್ತೆ, ಆಮೆ ಬಿಡೋವರೆಗೂ ಯಾರೂ ಕೊಡ ಇಳಿಸೋ ಹಾಗಿಲ್ಲ ಅಂತ ಅವರ ಪದ್ಧತಿ. ಅದಕ್ಕೆ ಗೌಡ ತನ್ನ ಮೂರು ಜನ ಗಂಡುಮಕ್ಕಳನ್ನ ಆಮೆ ತರೋಕೆ ಕಳಿಸಿದ. ನಡುವಿನವನು ಹುಣಸೆಮರದ ಕೆಳಗೆ ಮಲಗಿ ಎದ್ದು ಬಂದ. ಕಿರಿಯವನು ಹೊಳೆಗೆ ಹೋಗಿ ಸಂಜೇವರೆಗೂ ಈಜಾಡಿ ಬರಿಗೈಲಿ ಬಂದ. ಹಿರಿಯವನು ಮಾತ್ರ ಗುಡ್ಡದ ಹುಲ್ಲಲ್ಲಿ ಸಿಕ್ಕಿದ ಒಂದು ಮರಿ ತಂದು, ನೋಡಿ ಅಪ್ಪಯ್ಯ ಅಂತ ಎದೆ ಉಬ್ಬಿಸಿ ನಿಂತನಂತೆ. ಬಾವಿಪೂಜೆ ಹುಣ್ಣಿಮೆಗೆ, ಅದಕ್ಕೆ ಇನ್ನೂ ದಿನ ಇತ್ತು. ಎರಡು ಬೆರಳು ನೀರು ಹಾಕಿದ ಗಡಿಗೆಗೆ ಮರಿಯನ್ನ ಬಿಟ್ಟು, ಮುಚ್ಚಳ ಮುಚ್ಚಿ ರಾಗಿ ತುಂಬಿಡೋ ಪಣತದ ಹಿಂದೆ ಇಟ್ಟರು. ಹೆಂಡತಿ ನೋಡ್ಕೋತಾಳೆ ಅಂತ ಹಿರಿಯವನು, ಅಣ್ಣ ನೋಡ್ಕೋತಾನೆ ಅಂತ ತಮ್ಮಂದಿರು, ನೀರಿನ ಪ್ರಾಣಿ ನೀರು ಕುಡಿದುಕೊಂಡು ಇರುತ್ತೆ ಅಂತ ಸೊಸೆ. ಹೀಗೆ ಒಂಬತ್ತು ದಿನ ಯಾರೂ ಮುಚ್ಚಳ ತೆಗೀಲಿಲ್ಲವಂತೆ.

ಮುದ್ದೀರಮ್ಮ ಗಡಿಗೆ ಬಗ್ಗಿಸಿದಳು. ನಿಂಬೆಹಣ್ಣಿನಷ್ಟು ಮರಿ, ಮೈತುಂಬಾ ಪಾಚಿ, ಕಣ್ಣು ಅಂಟಿಹೋಗಿತ್ತು. ಬೆರಳಲ್ಲಿ ಚಿಪ್ಪು ಒತ್ತಿದರೆ ಹಸಿ ಗಡಿಗೆ ಹಾಗೆ ಬಗ್ಗಿತಂತೆ. ಎಸೆಯೋಣ ಅಂತ ಹಿತ್ತಿಲಿಗೆ ಎರಡು ಹೆಜ್ಜೆ ಇಟ್ಟಳು, ಅಷ್ಟರಲ್ಲಿ ಅಂಗೈಯಲ್ಲಿ ಏನೋ ಒಂದು ಸಣ್ಣಗೆ ಒತ್ತಿದ ಹಾಗಾಯ್ತು. ಮರಿ ಒಂದು ಕಾಲು ಚಾಚಿತ್ತು. ಅಯ್ಯೋ, ಇದೀಯೇನೋ ಅಂದಳಂತೆ ಮುದ್ದೀರಮ್ಮ. ತಿಂಗಳುಗಟ್ಟಲೆ ಆಗಿತ್ತು ಅವಳು ತಾನಾಗಿ ಯಾರನ್ನಾದರೂ ಮಾತಾಡಿಸಿ.

ಆಮೇಲೆ ಯೋಚನೆ ಮಾಡಿದಳು. ಹಸಿ ಗಡಿಗೆ ಗಟ್ಟಿಯಾಗಬೇಕಾದರೆ ಏನು ಮಾಡ್ತೀವಿ? ಮೊದಲು ನೆರಳಲ್ಲಿ ಆರಿಸ್ತೀವಿ, ಆಮೇಲೆ ಎಳೇ ಬಿಸಿಲು, ಒಂದೇ ಸಲ ಸುಡುಬಿಸಿಲಿಗಿಟ್ಟರೆ ಬಿರುಕು ಬಿಡುತ್ತೆ. ಹಾಗೇ ಮಾಡಿದಳಂತೆ, ಒಲೆ ಪಕ್ಕ ಬೆಚ್ಚಗೆ ಒಂದು ದಿನ, ಚಪ್ಪರದ ತೂತು ನೆರಳಲ್ಲಿ ಒಂದು ದಿನ, ಆಮೇಲೆ ಬೆಳಗಿನ ಬಿಸಿಲಲ್ಲಿ. ಪಾಚಿ ತೊಳೆಯೋಕೆ ಉಗುರುಬೆಚ್ಚಗಿನ ನೀರೇನೋ ಇತ್ತು, ಆದರೆ ಇಟ್ಟು ತೊಳೆಯೋಕೆ ಒಂದು ಪಾತ್ರೆ ಇಲ್ಲ! ಕುಂಬಾರರ ಮನೇಲಿ ಪಾತ್ರೆ ಇಲ್ಲ ಅಂದ್ರೆ ನಗ್ತೀಯಾ? ಇದ್ದದ್ದೆಲ್ಲಾ ಆಳ ಕಣೇ, ಮರಿ ಮುಳುಗಿಹೋಗ್ತಿತ್ತು. ಬೆರಳಷ್ಟು ಅಂಚಿನ ತಟ್ಟೆ ಬೇಕು, ಅದು ತಿಗರಿ ಮೇಲೇ ಆಗಬೇಕು.

ಮುದ್ದೀರಮ್ಮ ಗೋಡೆ ಕಡೆ ಸ್ವಲ್ಪ ಹೊತ್ತು ನೋಡಿದಳಂತೆ. ಆಮೇಲೆ ತಿಗರಿ ಇಳಿಸಿ, ಜೇಡರಬಲೆ ಒರೆಸಿ, ಗೂಟಕ್ಕೆ ಎಣ್ಣೆ ಹಚ್ಚಿ, ಗಂಡ ಕೂರೋ ಜಾಗದಲ್ಲಿ ಕೂತು ತಿರುಗಿಸಿದಳು. ಮೊದಲನೇ ತಟ್ಟೆ ಸೊಟ್ಟ, ಎರಡನೇದು ಹರಿದುಹೋಯ್ತು, ಮೂರನೇದು ನೀಟಾಗಿ ನಿಂತಿತು. ಅದನ್ನ ಒಣಗಿಸಿ ಸುಟ್ಟು, ಮರಿಯನ್ನ ಅದರಲ್ಲಿಟ್ಟು, ಗದ್ದದವರೆಗೂ ಬಾರದಷ್ಟು ನೀರು ಹಾಕಿ, ಹತ್ತಿಯಿಂದ ಒರೆಸಿದಳಂತೆ. ಪಾಚಿ ಹೋದ ಹಾಗೆ ಕಪ್ಪು ಚಿಪ್ಪಿನ ಮೇಲೆ ಒಂದು ಹಳದಿ ಚುಕ್ಕಿ, ಇನ್ನೊಂದು, ಮತ್ತೊಂದು, ಒಂದೊಂದು ಚುಕ್ಕಿಯಿಂದಲೂ ಗೆರೆ, ರಂಗೋಲಿ ಹಾಕಿದ ಹಾಗೆ! ಮುದ್ದೀರಮ್ಮ ಒಬ್ಬಳೇ ಗಟ್ಟಿಯಾಗಿ ನಕ್ಕಳಂತೆ. ಚುಕ್ಕಿ ಅಂತ ಹೆಸರಿಟ್ಟಳು.

ಇನ್ನು ಊಟ. ಮೊದಲನೇ ದಿನ ಅನ್ನ ಇಟ್ಟಳು, ಚುಕ್ಕಿ ಮುಖ ತಿರುಗಿಸ್ತು. ಎರಡನೇ ದಿನ ರಾಗಿಮುದ್ದೆ ಇಟ್ಟಳು, ಚುಕ್ಕಿ ಅದನ್ನ ಹತ್ತಿ, ನಾಲ್ಕೂ ಕಾಲು ಅಂಟಿಸಿಕೊಂಡು, ಬಿಡಿಸೋವರೆಗೂ ಅಲ್ಲೇ ಕೂತಿತ್ತು. ಮೂರನೇ ದಿನ ಸಾಕಾಗಿ ಅಂಗಳಕ್ಕೆ ಬಿಟ್ಟಳು. ಚುಕ್ಕಿ ತಾನೇ ತೂರಾಡ್ತಾ ಹೋಗಿ ಕಲ್ಲಿನ ಸಂದಿಯ ಗೋಣಿಸೊಪ್ಪು ಕಚ್ಚಿತಂತೆ. ಹಲ್ಲಿರುತ್ತಾ ಅಂತೀಯಾ? ಇಲ್ಲ, ಗಿಣಿಗಿರೋ ಹಾಗೆ ಗಟ್ಟಿ ಬಾಯಿ. ಸೊಪ್ಪು ಮುಗಿಸಿ, ನೇರ ಮೂಲೆಗೆ ಹೋಗಿ, ಆ ಚಿಪ್ಪಿನ ಗುಡ್ಡೆಯಿಂದ ಒಂದು ಚೂರು ತೆಗೆದು ಕುರುಂ ಕುರುಂ ಅಂತ ಅಗೀತು! ಗಡಿಗೆ ಒಡೆಯುತ್ತೆ ಅಂತ ಇಷ್ಟು ವರ್ಷ ಎಸೆದದ್ದು ಇದರ ಚಿಪ್ಪು ಗಟ್ಟಿ ಮಾಡೋಕೆ ಬೇಕಾಗಿತ್ತು ನೋಡು ಅಂದುಕೊಂಡಳು ಮುದ್ದೀರಮ್ಮ.

ಮರಿ ಬದುಕಿದೆ ಅಂತ ಗೌಡನಿಗೆ ಸುದ್ದಿ ಹೋಯ್ತು. ಮೊದಲು ಹಿರೀಮಗ ಬಂದ. ಏನಕ್ಕ ಇದು, ಆಮೆಯನ್ನ ಹಪ್ಪಳದ ಹಾಗೆ ಬಿಸಿಲಿಗೆ ಹಾಕಿದೀಯ, ಹುಣ್ಣಿಮೆಗೆ ಬಾವಿಗೆ ಬಿಡ್ಬೇಕು, ಗೊತ್ತಲ್ಲ ಅಂದ. ಹತ್ತು ದಿನ ಬಿಟ್ಟು ನಡುವಿನವನು ಬಂದ, ಚಪ್ಪರದ ಕೆಳಗೆ ಒಂದು ನಿದ್ದೆ ಮಾಡಿ, ಎದ್ದು ಅದೇ ಮಾತು ಹೇಳಿ ಹೋದ. ಮುದ್ದೀರಮ್ಮ ಹುಣ್ಣಿಮೆಗೆ ಇನ್ನೆಷ್ಟು ದಿನ ಅಂತ ಬೆರಳು ಎಣಿಸೋಕೆ ಶುರುಮಾಡಿದಳಂತೆ. ಯಾಕೆಂದ್ರೆ ಅವಳು ಅಷ್ಟರಲ್ಲಿ ಒಂದು ವಿಷಯ ಕಂಡುಕೊಂಡಿದ್ದಳು. ತಟ್ಟೆಯಲ್ಲಿ ನೀರು ಒಂಚೂರು ಹೆಚ್ಚಾದರೆ ಚುಕ್ಕಿ ಈಜ್ತಾ ಇರಲಿಲ್ಲ, ಹೆದರಿ ಕೈಕಾಲು ಬಡಿದು ಅಂಚು ಹತ್ತಿ ಆಚೆ ಬರ್ತಿತ್ತು. ಇದು ನೀರಿನ ಆಮೆ ಅಲ್ಲ, ಗುಡ್ಡದ ಆಮೆ. ಬಾವಿಗೆ ಬಿಟ್ಟರೆ ಮುಳುಗಿ ಸಾಯುತ್ತೆ.

ಹೇಳಿದರೆ ಯಾರು ಕೇಳ್ತಾರೆ? ನೀರಿಗೆ ಹೋಗೋ ಹೆಂಗಸರು ಬೇರೆ ಬಾಗಿಲಿಗೆ ಬಂದು, ಅಲ್ಲ ಕಣೇ ಮುದ್ದೀರಿ, ನಿನ್ನ ಒಂದು ಮರಿಗೋಸ್ಕರ ನಾವು ಇನ್ನೆಷ್ಟು ದಿನ ಹೊಳೆಯಿಂದ ಹೊರೋದು, ಸೊಂಟ ನೋಡು ನಮ್ದು ಅಂತ ಬೈದರಂತೆ. ಅವರು ಹೇಳೋದೂ ಸರಿಯೇ ತಾನೇ?

ಹುಣ್ಣಿಮೆ ಬೆಳಗ್ಗೆ ಗೌಡ ಹಾಲಪ್ಪನೇ ಬಂದ, ಹಿಂದೆ ಮೂರು ಮಕ್ಕಳು, ಅವರ ಹಿಂದೆ ಇಡೀ ಊರು. ಮುದ್ದೀರಮ್ಮ ಚುಕ್ಕಿಯನ್ನ ಸೆರಗಲ್ಲಿ ಹಿಡಿದು ಬಾಗಿಲಲ್ಲಿ ನಿಂತಳಂತೆ. ಗೌಡ್ರೇ, ಇದಕ್ಕೆ ಈಜು ಬರಲ್ಲ ಅಂದಳು. ಗೌಡ ಹೊಟ್ಟೆ ಕುಲುಕಿಸಿ ನಕ್ಕ. ಆಮೆಗೆ ಈಜು ಬರಲ್ವಂತೆ ಕೇಳ್ರಪ್ಪೋ, ನಮ್ಮ ತಾತನ ಕಾಲದಿಂದ ಬಿಡ್ತಾ ಇದೀವಿ, ಆಮೆ ಅಂದ್ರೆ ಆಮೆ, ಕೊಡಮ್ಮ ಇಲ್ಲಿ ಅಂದ. ನನ್ನ ಮಾತು ನಂಬಬೇಡಿ, ಮಣ್ಣಿನ ಮಾತು ನಂಬಿ, ಹೊಳೆಯಿಂದ ಒಂದು ಆಮೆ ತರಿಸಿ, ಎರಡನ್ನೂ ನನ್ನ ಹಸಿಮಣ್ಣಿನ ಮೇಲೆ ನಡೆಸೋಣ, ಆಮೇಲೆ ನೀವು ಹೇಳಿದ ಹಾಗೆ ಕೇಳ್ತೀನಿ ಅಂದಳು ಮುದ್ದೀರಮ್ಮ.

ಹೊಳೆಯಲ್ಲಿ ಆಮೆ ಎಲ್ಲಿರುತ್ತೆ ಅಂತ ಯಾರಿಗೆ ಗೊತ್ತು ಅಂದ ಗೌಡ. ನಂಗೊತ್ತು ಅಂತ ಕಿರೀಮಗ ಮೆಲ್ಲಗೆ ಅಂದನಂತೆ. ಅವತ್ತು ಈಜಾಡೋವಾಗ ಬಂಡೆ ಮೇಲೆ ಮೂರು ಕೂತಿದ್ವು, ನಂಗೆ ಹಿಡಿಯೋದು ಮರೆತೇಹೋಯ್ತು. ಗೌಡ ಹಣೆ ಚಚ್ಚಿಕೊಂಡು, ಓಡೋ ದಂಡಪಿಂಡ ಅಂದ. ಅವನು ಓಡಿದ, ಮೈಯೆಲ್ಲಾ ಒದ್ದೆ ಮಾಡಿಕೊಂಡು ಒಂದು ಆಮೆ ತಂದ.

ಮುದ್ದೀರಮ್ಮ ಅಂಗಳದಲ್ಲಿ ಹಸಿಮಣ್ಣನ್ನ ರೊಟ್ಟಿ ಹಾಗೆ ಹರಡಿದಳು. ಹೊಳೆ ಆಮೆ ನಡೀತು, ಬಾತುಕೋಳಿ ಕಾಲಿನ ಹಾಗೆ ಅಗಲಕ್ಕೆ ಹರಡಿದ ಬೆರಳು, ಬೆರಳ ಮಧ್ಯೆ ಚರ್ಮದ ಗುರುತು. ಆಮೇಲೆ ಚುಕ್ಕಿಯನ್ನ ಬಿಟ್ಟಳು. ಚುಕ್ಕಿ ಕತ್ತು ಚಾಚಿ ಅಷ್ಟೂ ಜನರನ್ನ ನೋಡಿ, ಅವಸರ ಇಲ್ಲದೆ ನಡೀತು, ದುಂಡು, ದುಂಡು, ದುಂಡು, ದುಂಡು. ನೀರಿಗಿಳಿದರೆ ಹುಟ್ಟು ಹಾಕೋ ಕಾಲು ಅದು, ಇದು ಬರೀ ನೆಲ ತುಳಿಯೋ ಕಾಲು ಅಂದಳು ಮುದ್ದೀರಮ್ಮ. ಅಯ್ಯೋ ಶಿವನೇ, ಇದು ಆನೆಮರಿ ಕಣ್ರೇ ಅಂತ ಒಬ್ಬ ಮುದುಕಿ ಕೂಗಿದಳು. ಎಲ್ಲಾ ಹೆಂಗಸರೂ ನಕ್ಕುಬಿಟ್ಟರು. ಗುಡ್ಡದ ಮೇಲೆ ಎಲ್ಲಿತ್ತೋ ನಿನಗೆ ಹೊಳೆ ಅಂತ ನಡುವಿನವನು ಅಣ್ಣನನ್ನ ಕೇಳಿದನಂತೆ.

ಗೌಡ ಮಾತ್ರ ನಗಲಿಲ್ಲ. ಕುಕ್ಕರಗಾಲಲ್ಲಿ ಕೂತು ಎರಡೂ ಗುರುತು ನೋಡಿದ, ತನ್ನ ಹೆಬ್ಬೆರಳು ಪಕ್ಕದಲ್ಲಿ ಒತ್ತಿ ನೋಡಿದ. ಎದ್ದು ಪಂಚೆ ಕೊಡವಿಕೊಂಡು, ಒಂಬತ್ತು ದಿನ ನಮ್ಮ ಮನೇಲಿ ಇದನ್ನ ನೀರಲ್ಲಿ ಇಟ್ಟಿದ್ವು ತಾಯಿ, ತಪ್ಪಾಯ್ತು, ಇದು ನಿಮ್ಮ ಹತ್ರಾನೇ ಇರಲಿ ಅಂದನಂತೆ.

ಆಮೇಲೆ ಹೊಳೆ ಆಮೆಯನ್ನ ಬಾವಿಗೆ ಬಿಟ್ಟರು, ಅದು ಒಂದು ಸುತ್ತು ಈಜಿ ಕಲ್ಲಿನ ಸಂದಿಗೆ ಸೇರ್ಕೊಂಡಿತು. ಮೊದಲನೇ ಕೊಡ ನೀರು ಮುದ್ದೀರಮ್ಮನ ಮನೆಗೇ ಬಂತು. ಪಾನಕ ಮಾಡಿ ಎಲ್ಲರಿಗೂ ಹಂಚಿದಳು. ಹಿರೀ ಸೊಸೆ ದಿನಾ ಒಂದು ಹಿಡಿ ಗೋಣಿಸೊಪ್ಪು ತಂದುಕೊಡೋಳು, ಮೊದಮೊದಲು ದೂರದಿಂದ ಎಸೆಯೋಳು, ಆಮೇಲೆ ಕೈಯಲ್ಲೇ ತಿನ್ನಿಸೋಳು. ತಿಗರಿ ಮತ್ತೆ ಗೋಡೆಗೆ ಒರಗಲಿಲ್ಲ. ಚುಕ್ಕಿ ಗಟ್ಟಿಯಾಯ್ತು, ದೊಡ್ಡದಾಯ್ತು. ಮುದ್ದೀರಮ್ಮ ಗಡಿಗೆ ಮಾಡಿ ಆರೋಕೆ ಬೋರಲು ಹಾಕಿದರೆ, ಚುಕ್ಕಿಯ ಕಾಲನ್ನ ಹಿಡಿದು ಗಡಿಗೆ ತಳಕ್ಕೆ ಒಂದು ಸಲ ಒತ್ತಿಸಿಯೇ ಸುಡ್ತಾ ಇದ್ದಳಂತೆ. ಹಾಗೇ ಇಬ್ಬರೂ ತುಂಬಾ ಕಾಲ ಸುಖವಾಗಿದ್ದರು.

ಕತೆ ಇಲ್ಲಿಗೆ ಮುಗೀತು, ಕಣ್ಣು ಮುಚ್ಚು ಕೂಸೇ. ನೀರು ಬೇಕಾ? ತಡಿ, ತರ್ತೀನಿ.

ನಮ್ಮ ನೀರಿನ ಗಡಿಗೆ ತಳದಲ್ಲಿ ಉಗುರಿನಷ್ಟಗಲ ಒಂದು ದುಂಡನೆ ಗುರುತಿದೆ.