ಏಳು ಊರಿನ ಒಂದೇ ಗುರುತು

“ಕೇಳಿರಪ್ಪೋ ಕೇಳಿ! ಮಲ್ಲಭೂಪ ಮಹಾರಾಜರು ಮೂರು ಒಗಟು ಇಡುತ್ತಾರೆ. ಮೂರನ್ನೂ ಬಿಡಿಸಿದವರಿಗೆ ಸಾವಿರ ಹೊನ್ನು, ತಪ್ಪಿದವರಿಗೆ ತಲೆದಂಡ. ಸಭೆಯೊಳಗೆ ಕಾಲಿಟ್ಟವರು ಉತ್ತರ ಹೇಳದೆ ಹೊರಗೆ ಹೋಗುವಂತಿಲ್ಲ!”

ಈ ಡಂಗುರ ಊರಿಗೆಲ್ಲ ಕೇಳಿಸಿತು, ಪಿಂಜಾರ ದಾವಲನಿಗೆ ಮಾತ್ರ ಕೇಳಿಸಲಿಲ್ಲ. ಹತ್ತಿ ಹಿಂಜುವ ಬಿಲ್ಲಿನ ಸದ್ದಿನಲ್ಲಿ ಪಾಪ, ಗುಡುಗೂ ಕೇಳಿಸದು. ಕಳವಾದ ಮನೆಗಳಲ್ಲಿ ರಕ್ತ, ಬೆವರಿನ ಕಲೆ ಒರೆಸಿ ತರಲು ಅರಮನೆಯ ಪರೀಕ್ಷಾಲಯಕ್ಕೆ ಹತ್ತಿ ಸುತ್ತಿದ ಕಡ್ಡಿ ಬೇಕು. ಅದನ್ನು ಒದಗಿಸುವವನು ದಾವಲ. ಪರೀಕ್ಷಕಿ ಗಂಗಾಂಬಿಕೆ ಸಭೆಯಲ್ಲಿದ್ದಾಳೆಂದು ಕಡ್ಡಿಯ ಕಟ್ಟು ಹೊತ್ತು ಒಳಗೆ ಬಂದ. ಹಿಂದೆಯೇ ಬಾಗಿಲಿಗೆ ಅಗುಳಿ ಬಿತ್ತು.

“ನಾಲ್ಕೇ ಅಕ್ಷರಗಳಲ್ಲಿ ಬರೆದ ಪುಸ್ತಕ. ಅರ್ಧ ತಾಯಿ ಕೊಟ್ಟದ್ದು, ಅರ್ಧ ತಂದೆ ಕೊಟ್ಟದ್ದು. ಕೂದಲ ಬುಡದಲ್ಲೂ ಇದೆ, ಉಗುಳಿನಲ್ಲೂ ಇದೆ. ಯಾವುದದು?” ಅರಸ ಕೇಳಿದ.

“ಹಣೆಬರಹ, ಪ್ರಭು!” ಎಂದ ಆಸ್ಥಾನದ ಪಂಡಿತ. ಅವನ ಹಣೆಬರಹವೇ ಕೆಟ್ಟಿತ್ತು. ಭಟರು ಸರಪಳಿ ತೊಡಿಸಿದರು.

ಅರಸನ ಕಣ್ಣು ದಾವಲನ ಮೇಲೆ ಬಿತ್ತು. ಪರೀಕ್ಷಾಲಯದ ಅಂಗಳದಲ್ಲಿ ಕೇಳಿದ್ದ ಮಾತೇ ಅವನಿಗೆ ಗತಿ. “ಡಿಎನ್ಎ ಅಂತಾರ್ರೀ ಮಾರಾಜ್ರ. ಪುಸ್ತಕ ಪೂರಾ ಓದಂಗಿಲ್ಲ. ಕೆಲವು ಕಡೆ ಒಂದ ಮಾತು ಎಷ್ಟು ಸಲ ಬಂದೈತಿ ಅಂತ ಎಣಸ್ತಾರ. ಆ ಎಣಿಕಿ ಮಂದಿ ಮಂದಿಗೆ ಬ್ಯಾರೆ.”

ಅರಸ ತಲೆದೂಗಿ ಎರಡನೆಯದನ್ನಿಟ್ಟ. “ಇಬ್ಬರ ಪುಸ್ತಕ ಒಂದೇ, ಹೆಬ್ಬೆರಳ ಗುರುತು ಬೇರೆ. ಯಾರವರು?”

“ಅಪ್ಪ, ಮಗ!” ಎಂದ ದಂಡನಾಯಕ ಮೀಸೆ ತಿರುವುತ್ತ. ಅವನಿಗೂ ಸರಪಳಿ ಬಿತ್ತು.

“ಅಪ್ಪನಿಂದ ಬರೋದು ಅರ್ಧ ಅಷ್ಟರೀ,” ಎಂದ ದಾವಲ. “ಇವರು ಒಂದ ತತ್ತಿಯಿಂದ ಹುಟ್ಟಿದ ಅವಳಿ ಮಕ್ಕಳು.”

ಅರಸ ದನಿ ತಗ್ಗಿಸಿದ. “ಮೂರನೆಯದರ ಉತ್ತರ ನನಗೂ ಗೊತ್ತಿಲ್ಲ. ಏಳು ಊರಲ್ಲಿ ಒಂದೇ ದಿನ ಏಳು ಕಳವು. ಏಳೂ ಕಡೆ ಒಬ್ಬನದೇ ಡಿಎನ್ಎ. ಯಾರವನು?”

ದಾವಲ ಕೈಯಲ್ಲಿದ್ದ ಕಟ್ಟು ನೋಡಿದ. ಕಡ್ಡಿಗೆ ಹತ್ತಿ ಹಿಡಿಯಲೆಂದು ಅವನು ಹೆಬ್ಬೆರಳಿಗೆ ಉಗುಳು ಹಚ್ಚಿ ಸುತ್ತುತ್ತಿದ್ದ. ಅವನ ಅಪ್ಪನೂ ಹಾಗೆಯೇ ಸುತ್ತುತ್ತಿದ್ದ. ಹೇಳಿದರೆ ಕಳ್ಳನೆಂದು ತಲೆ ಹೋಗುತ್ತದೆ, ಸುಮ್ಮನಿದ್ದರೆ ಉತ್ತರವಿಲ್ಲವೆಂದು ಹೋಗುತ್ತದೆ. ಬಾಗಿಲ ಕಡೆ ನೋಡಿದ. ಅಲ್ಲಿ ಭಟರು ನಿಂತಿದ್ದರು. ಅಳು ಬಂತು.

“ನಾನರೀ ಮಾರಾಜ್ರ. ಆದ್ರ ಕಳ್ಳ ಅಲ್ರೀ.”

“ಹಿಡಿಯಿರಿ!”

“ತಡೀರಿ ಯಪ್ಪಾ! ಈ ಕಟ್ಟು ಯಾರ ಮನಿಗೂ ಹೋಗಿಲ್ಲ. ಇದರಾಗಿನ ಖಾಲಿ ಕಡ್ಡಿ ಪರೀಕ್ಷಾ ಮಾಡ್ರಿ. ಉಗುಳು ಹಚ್ಚಿ ಸುತ್ತಿದಾಂವ ನಾನರೀ, ಇದರಾಗೂ ನಾನ ಇರ್ತೀನಿ.”

“ಕಡ್ಡಿಗಳನ್ನೆಲ್ಲ ಹಬೆಯಲ್ಲಿ ಬೇಯಿಸಿಯೇ ಬಳಸುತ್ತೇವಲ್ಲ!” ಎಂದಳು ಗಂಗಾಂಬಿಕೆ.

“ಹಬಿಗೆ ಕ್ರಿಮಿ ಸಾಯ್ತಾವ್ರೀ ಅಕ್ಕಾರ, ಬರಹ ಎಲ್ಲಿ ಅಳಿಸಿ ಹೋಗ್ತೈತಿ?”

ಎರಡು ದಿನ ಅವನನ್ನು ಕತ್ತಲೆಕೋಣೆಯಲ್ಲಿ ಕೂಡಿಹಾಕಿದರು. ಮೂರನೆಯ ದಿನ ಗಂಗಾಂಬಿಕೆ ತಲೆ ತಗ್ಗಿಸಿ ಸಭೆಗೆ ಬಂದಳು. “ಬೇಯಿಸಿದ ಖಾಲಿ ಕಡ್ಡಿಯಲ್ಲೂ ಇವನದೇ ಗುರುತು, ಪ್ರಭು. ಖಾಲಿ ಕಡ್ಡಿಯನ್ನು ಮೊದಲೇ ಪರೀಕ್ಷಿಸಬೇಕಿತ್ತು. ತಪ್ಪು ನನ್ನದು.”

ಅರಸ ಸಾವಿರ ಹೊನ್ನು ತರಿಸಿದ. ದಾವಲ ಬೇಡಿಕೊಂಡದ್ದಕ್ಕೆ ಪಂಡಿತ, ದಂಡನಾಯಕರ ಸರಪಳಿಯೂ ಬಿಚ್ಚಿತು.

“ಹಾಗಾದರೆ ಕಳ್ಳ ಯಾರಯ್ಯ?” ಎಂದ ಅರಸ.

“ನನಗೇನ್ ಗೊತ್ರೀ? ಇಷ್ಟು ದಿನ ನೀವು ನನ್ನ ಬೆನ್ನ ಹತ್ತಿದ್ರಿ. ಇನ್ನ ಮ್ಯಾಲರೆ ಆ ಕಳ್ಳನ್ನ ಹುಡುಕ್ರಿ.”