ಜ್ಯೂಪಿಟರನೂ ಉಕ್ಕಿನ ಉಳಿಯೂ

ಯುರೋಪಿನ ಪುನರುಜ್ಜೀವನ ಕಾಲದ ವೆನಿಸ್ ನಗರದ ಅಚ್ಚಿನ ಅಂಗಡಿಯೊಂದರಲ್ಲಿ ತಾಮ್ರದ ತಗಡಿನ ಮೇಲೆ ರೋಮನ್ನರ ದೇವರಾಜ ಜ್ಯೂಪಿಟರನ ಚಿತ್ರ ಬರೆದಿಟ್ಟಿದ್ದರು. ಕೂರಲು ಸಿಂಹಾಸನ, ಪಕ್ಕದಲ್ಲಿ ಅವನ ಹದ್ದು. ಕೆತ್ತಲು ಉಳಿ ಹತ್ತಿರ ಬಂದೊಡನೆ ದೇವರು ಕೇಳಿದ, “ನೋವಾಗುತ್ತದೆಯೇ?”

“ಆಗುತ್ತದೆ, ಪ್ರಭು. ಗೆರೆ ಆಳವಾದಷ್ಟೂ ಶಾಯಿ ನಿಲ್ಲುತ್ತದೆ, ಚಿತ್ರ ಬಾಳುತ್ತದೆ.”

“ನಾನು ಸಿಡಿಲು ಎಸೆಯುವವನು, ಚುಚ್ಚಿಸಿಕೊಳ್ಳುವವನಲ್ಲ. ನನ್ನನ್ನು ಮೇಲೆ ಮೇಲೆ ಗೀರು. ಆಳವೆಲ್ಲ ಸಿಂಹಾಸನಕ್ಕೂ ಆ ಹಕ್ಕಿಗೂ ಇರಲಿ.”

ಉಳಿ ಹಾಗೆಯೇ ಮಾಡಿತು. ಹದ್ದು ಒಂದೊಂದು ಗರಿಗೂ ಕಿರುಚಿತು. “ಸಭೆಯಲ್ಲಿ ಮರ್ಯಾದೆಯಿಂದಿರು” ಎಂದು ದೇವರು ಗದರಿದ.

ಚಿತ್ರಕ್ಕೆ ಜನ ಮುಗಿಬಿದ್ದರು. ಅಚ್ಚೊತ್ತಿದ ಹಾಗೆಲ್ಲ ತಗಡು ಸವೆಯಿತು. ಮೊದಲು ದೇವರ ಗಡ್ಡ ಹೋಯಿತು, ಆಮೇಲೆ ಮೂಗು, ಕೊನೆಗೆ ಸಿಡಿಲು ಹಿಡಿದ ಕೈಯೂ ಮಾಯವಾಯಿತು. ಖಾಲಿ ಸಿಂಹಾಸನವೂ ದಷ್ಟಪುಷ್ಟ ಹದ್ದೂ ಮಾತ್ರ ಹಾಗೇ ಇದ್ದವು. ಜನ ಅದಕ್ಕೂ ಟೋಪಿ ತೆಗೆದು ನಮಸ್ಕರಿಸಿ ಮನೆಗೆ ಒಯ್ದರು.

ತಗಡನ್ನು ತಿದ್ದಲು ಉಳಿ ಮತ್ತೆ ಬಂತು. ಖಾಲಿ ಸಿಂಹಾಸನದ ಎದುರು ಬಾಗಿ ಕೇಳಿತು, “ಪ್ರಭು, ಈಗಲಾದರೂ ಆಳವಾಗಿ ಕೆತ್ತಲೇ?”

ಸಿಂಹಾಸನದಿಂದ ಸಣ್ಣ ದನಿಯೊಂದು ಬಂತು: “ನೋವಾಗುತ್ತದೆಯೇ?”

ಉಳಿ ಪಕ್ಕಕ್ಕೆ ಸರಿದು ಹದ್ದಿನ ತಲೆಯ ಮೇಲೆ ಕಿರೀಟ ಕೆತ್ತತೊಡಗಿತು. ಹದ್ದು ಈ ಸಲ ಕಿರುಚಲಿಲ್ಲ.